ನೀರಿನಡಿಯ ಉಸಿರು: ಹಡಗಿನ ತಳ ತೊಳೆಯುವವನ ವಾಯುಸಾಧನದ ಚರಿತ್ರೆ ಮತ್ತು ಬೆಂಗಳೂರು ದಂಡು

1. ವಿಷಯ ಪ್ರವೇಶ

ಉಪ್ಪುನೀರಿನಲ್ಲಿ ಕೆಲವು ತಿಂಗಳು ನಿಂತ ದೋಣಿಯ ತಳವು ಬರಿಯ ಮರವಾಗಿಯೋ ಬರಿಯ ಕಬ್ಬಿಣವಾಗಿಯೋ ಉಳಿಯುವುದಿಲ್ಲ. ಮೊದಲು ತೆಳುವಾದ ಲೋಳೆ, ಲೋಳೆಯ ಮೇಲೆ ಪಾಚಿ, ಪಾಚಿಯ ನಡುವೆ ಸುಣ್ಣದ ಗೂಡು ಕಟ್ಟಿಕೊಳ್ಳುವ ಬಾರ್ನಕಲ್ ಎಂಬ ಜೀವಿ, ಅದರ ಸಂದುಗಳಲ್ಲಿ ಸಿಂಪಿನ ಜಾತಿಯ ಚಿಪ್ಪುಗಳು, ಹೀಗೆ ಪದರದ ಮೇಲೆ ಪದರ ಬೆಳೆಯುತ್ತ ಹೋಗುತ್ತದೆ. ತಳವು ಒರಟಾದಷ್ಟೂ ನೀರು ದೋಣಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಅದೇ ವೇಗವನ್ನು ಪಡೆಯಲು ಹೆಚ್ಚು ಎಣ್ಣೆಯನ್ನು ಸುಡಬೇಕಾಗುತ್ತದೆ. ಆದುದರಿಂದ ತಳವನ್ನು ಆಗಾಗ ಕೆರೆದು ತೊಳೆಯುವುದು ನೌಕಾವೃತ್ತಿಯಷ್ಟೇ ಹಳೆಯದಾದ ಕೆಲಸ.

ಈ ಕೆಲಸಕ್ಕೆ ಇರುವ ಮಾರ್ಗಗಳು ಎರಡೇ. ದೋಣಿಯನ್ನು ನೀರಿನಿಂದ ಹೊರಗೆ ತರುವುದು ಒಂದು. ಗಾಳಿಯನ್ನು ನೀರಿನೊಳಕ್ಕೆ ಒಯ್ಯುವುದು ಇನ್ನೊಂದು. ಎರಡನೆಯ ಮಾರ್ಗದ ಸಾಧನಗಳು ಈಗ ಬಹಳ ಚಿಕ್ಕವಾಗಿವೆ. ಕೈಯಲ್ಲಿ ಹಿಡಿಯಬಹುದಾದ, ಬಾಯಿಗೆ ಕಚ್ಚಿಕೊಳ್ಳುವ ತುದಿಯುಳ್ಳ ಸಣ್ಣ ಸಿಲಿಂಡರುಗಳು, ನೀರಿನ ಮೇಲೆ ತೇಲುತ್ತ ಕೊಳವೆಯ ಮೂಲಕ ಗಾಳಿ ಕಳುಹಿಸುವ ಪುಟ್ಟ ಯಂತ್ರಗಳು ಮಾರಾಟಕ್ಕಿವೆ. ನಾಲ್ಕೈದು ಜನರ ತಂಡವು ಹಿಂದೆ ಮಾಡುತ್ತಿದ್ದ ಕೆಲಸವನ್ನು ಒಬ್ಬನೇ ಮಾಡಬಹುದೆಂಬ ಭಾವನೆಯನ್ನು ಇವು ಹುಟ್ಟಿಸುತ್ತವೆ.

ಈ ಭಾವನೆಯು ಎಷ್ಟರಮಟ್ಟಿಗೆ ಸರಿ ಎಂಬುದೇ ಈ ಲೇಖನದಲ್ಲಿ ನಾವು ವಿಚಾರಿಸಹೊರಟಿರುವ ಪ್ರಶ್ನೆ. ಇದು ಯಂತ್ರಶಾಸ್ತ್ರದ ಪ್ರಶ್ನೆಯಾಗಿ ತೋರಿದರೂ ಇದರ ಉತ್ತರವು ಚರಿತ್ರೆಯಲ್ಲಿದೆ. ಉಸಿರಿನ ಸಾಧನವು ಚಿಕ್ಕದಾಗುತ್ತ ಬಂದಂತೆ, ಮೇಲೆ ನಿಂತು ಹಗ್ಗ ಹಿಡಿದು ಕಾಯುತ್ತಿದ್ದ ಎರಡನೆಯ ಮನುಷ್ಯನು ಕಣ್ಮರೆಯಾಗುತ್ತ ಬಂದನು ಎಂಬುದು ನಮ್ಮ ಮುಖ್ಯ ಅಭಿಪ್ರಾಯ. ಅವನು ಹೋದುದರಿಂದ ಏನು ಹೋಯಿತೆಂಬುದನ್ನು ತಿಳಿಯದೆ ಸಾಧನದ ಬೆಲೆಯನ್ನು ಕಟ್ಟುವುದು ಸಾಧ್ಯವಿಲ್ಲ.

ಸಮುದ್ರದಿಂದ ಮುನ್ನೂರು ಕಿಲೋಮೀಟರುಗಳಷ್ಟು ದೂರದಲ್ಲಿರುವ ಬೆಂಗಳೂರಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹಲಸೂರು ಕೆರೆಯ ದಂಡೆಯಲ್ಲಿ ನೆಲೆಸಿದ ಮದ್ರಾಸ್ ಸ್ಯಾಪರರು, ಹಳೆಯ ವಿಮಾನ ನಿಲ್ದಾಣದ ಬಳಿಯ ವಾಯುದಳದ ವೈದ್ಯಸಂಸ್ಥೆ, ಇಂದಿರಾನಗರದಾಚೆ ಸಿ. ವಿ. ರಾಮನ್ ನಗರದಲ್ಲಿರುವ ರಕ್ಷಣಾ ಪ್ರಯೋಗಶಾಲೆ, ಈ ಮೂರೂ ಆ ಸಂಬಂಧದ ಕೊಂಡಿಗಳು. ನೀರಿನಡಿಯ ಉಸಿರಿನ ಸಾಧನಗಳು ಬಹುಪಾಲು ನೀರಿಗಾಗಿ ಹುಟ್ಟಿದವಲ್ಲ. ಬೆಂಕಿಗಾಗಿ, ಗಣಿಗಾಗಿ, ವಿಮಾನಕ್ಕಾಗಿ ಹುಟ್ಟಿ ಅನಂತರ ನೀರಿಗಿಳಿದವು. ಈ ಮಾತನ್ನು ನೆನಪಿನಲ್ಲಿಟ್ಟರೆ, ಸಮುದ್ರವಿಲ್ಲದ ಊರಿಗೆ ಈ ಚರಿತ್ರೆಯಲ್ಲಿ ಸ್ಥಾನವಿರುವುದು ಆಶ್ಚರ್ಯವೆನಿಸದು.

2. ದೋಣಿಯನ್ನು ಹೊರಗೆ ತರುವ ಮಾರ್ಗ

ನಮ್ಮ ಕರಾವಳಿಯವರು ಅನುಸರಿಸಿದುದು ಮೊದಲನೆಯ ಮಾರ್ಗವನ್ನು. ಮುಂಗಾರು ಆರಂಭವಾದೊಡನೆ ನಾಡದೋಣಿಗಳನ್ನು ಮರಳಿನ ಮೇಲಕ್ಕೆ ಎಳೆದು, ತೆಂಗಿನ ಗರಿಯ ಮಾಡಿನ ಕೆಳಗಿರಿಸಿ, ತಳವನ್ನು ಕೆರೆದು ಒಣಗಿಸಿ, ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುವುದು ಅಲ್ಲಿಯ ಪದ್ಧತಿ. ಈ ಎಣ್ಣೆಗಳು ಮರವನ್ನು ನೀರಿನಿಂದಲೂ ಕೊರೆಯುವ ಹುಳುಗಳಿಂದಲೂ ಸ್ವಲ್ಪಮಟ್ಟಿಗೆ ಕಾಪಾಡುತ್ತಿದ್ದವು. ಇಂದಿಗೂ ಕರ್ನಾಟಕದ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಯ ನಿಷೇಧವಿದ್ದು, ಮಲ್ಪೆ, ಮಂಗಳೂರು, ಕಾರವಾರದ ದೋಣಿಗಳ ತಳದ ಕೆಲಸವು ಹೆಚ್ಚಾಗಿ ಆ ಅವಧಿಯಲ್ಲಿಯೇ ನಡೆಯುತ್ತದೆ. ಋತುವೇ ಬಿಡುವು ಕೊಟ್ಟಾಗ ನೀರಿನಡಿಗೆ ಹೋಗುವ ಅಗತ್ಯವೆಲ್ಲಿ?

ಅಗತ್ಯ ಬಂದುದು ದಡಕ್ಕೆ ಎಳೆಯಲಾಗದಷ್ಟು ದೊಡ್ಡ ಹಡಗುಗಳು ಹುಟ್ಟಿದಾಗ. ಯೂರೋಪಿನ ನಾವಿಕರು ದೊಡ್ಡ ಹಡಗನ್ನು ಮಗ್ಗುಲಿಗೆ ಓರೆಮಾಡಿ ಒಂದೊಂದೇ ಪಾರ್ಶ್ವವನ್ನು ಕೆರೆಯುತ್ತಿದ್ದರು. ಬ್ರಿಟಿಷ್ ನೌಕಾದಳವು 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ಪರೀಕ್ಷಿಸಿತು. ತಾಮ್ರವು ನೀರಿನಲ್ಲಿ ಮೆಲ್ಲಗೆ ಕರಗುತ್ತ ಜೀವಿಗಳನ್ನು ದೂರವಿಡುತ್ತದೆ. ಇಂದಿನ ತಳದ ಬಣ್ಣಗಳಲ್ಲಿ ಅನೇಕವು ಇದೇ ತತ್ತ್ವವನ್ನು ಅವಲಂಬಿಸಿವೆ. ಬಾರ್ನಕಲ್ ಎಂಬುದು ಸಿಂಪಿನ ಜಾತಿಯದಲ್ಲ, ಸಿಗಡಿ ಏಡಿಗಳ ಬಳಗದ್ದು ಎಂಬುದು 1830ರ ಸುಮಾರಿಗೆ ತಿಳಿದುಬಂದಿತು. ಚಾರ್ಲ್ಸ್ ಡಾರ್ವಿನ್ ಈ ಜೀವಿಗಳ ಮೇಲೆಯೇ ವರ್ಷಗಟ್ಟಲೆ ಶ್ರಮಿಸಿ 1851ರಿಂದ 1854ರೊಳಗೆ ತನ್ನ ಗ್ರಂಥಗಳನ್ನು ಪ್ರಕಟಿಸಿದನು. ಒರಟು ಮೈಯು ನೀರಿನಲ್ಲಿ ಎಷ್ಟು ಎದುರೆಳೆತವನ್ನು ಉಂಟುಮಾಡುತ್ತದೆಂಬುದನ್ನು ವಿಲಿಯಂ ಫ್ರೂಡ್ 1870ರ ದಶಕದಲ್ಲಿ ಹಲಗೆಗಳನ್ನು ಕೊಳದಲ್ಲಿ ಎಳೆದು ಅಳೆದು ತೋರಿಸಿದನು.

ಹಡಗನ್ನು ಓರೆಮಾಡುವ ಪದ್ಧತಿಯು ಎಷ್ಟು ಅಪಾಯಕರವೆಂಬುದಕ್ಕೆ ಒಂದು ದುರಂತವೇ ಸಾಕ್ಷಿ. 1782ರ ಆಗಸ್ಟ್ 29ರಂದು ಇಂಗ್ಲೆಂಡಿನ ಸ್ಪಿಟ್‌ಹೆಡ್ ಬಂದರಿನಲ್ಲಿ ‘ರಾಯಲ್ ಜಾರ್ಜ್’ ಎಂಬ ದೊಡ್ಡ ಯುದ್ಧನೌಕೆಯನ್ನು, ನೀರಿನ ಮಟ್ಟಕ್ಕಿಂತ ಕೆಳಗಿನ ಒಂದು ಭಾಗವನ್ನು ಸರಿಪಡಿಸುವುದಕ್ಕಾಗಿ, ಒಂದು ಮಗ್ಗುಲಿಗೆ ವಾಲಿಸಿದ್ದರು. ವಾಲಿದ ಹಡಗಿನೊಳಕ್ಕೆ ನೀರು ನುಗ್ಗಿ ಅದು ನಿಂತಲ್ಲಿಯೇ ಮುಳುಗಿತು. ಎಂಟುನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ತಳದಲ್ಲಿ ನಿಂತು ಕೆಲಸ ಮಾಡಬಲ್ಲ ಒಬ್ಬ ಮನುಷ್ಯನಿದ್ದಿದ್ದರೆ ಹಡಗನ್ನು ವಾಲಿಸಬೇಕಾಗಿರಲಿಲ್ಲ. ಮುಂದೆ ಇದೇ ಹಡಗಿನ ಅವಶೇಷವೇ ಮುಳುಗುವ ವಿದ್ಯೆಗೆ ಪಾಠಶಾಲೆಯಾದುದು ಚರಿತ್ರೆಯ ವಿಚಿತ್ರ.

3. ಹಗ್ಗ ಹಿಡಿದವನು

ಸಾಧನವಿಲ್ಲದ ಕಾಲದಲ್ಲಿಯೂ ಮುಳುಗುಗಾರನು ಒಬ್ಬಂಟಿಯಾಗಿರಲಿಲ್ಲ. ಮನ್ನಾರ್ ಕೊಲ್ಲಿಯ ಮುತ್ತಿನ ಬೇಟೆಯಲ್ಲಿ ಮುಳುಗುವವನ ಕಾಲಿಗೆ ಆಸರೆಯಾಗಿ ಒಂದು ಭಾರವಾದ ಕಲ್ಲು, ಸಿಂಪು ತುಂಬಲು ಬಲೆಯ ಬುಟ್ಟಿ, ಎರಡಕ್ಕೂ ಹಗ್ಗ. ಹಗ್ಗದ ಇನ್ನೊಂದು ತುದಿಯು ದೋಣಿಯಲ್ಲಿರುವ ಸಹಾಯಕನ ಕೈಯಲ್ಲಿ. ಈ ಸಹಾಯಕನನ್ನು ಇಂಗ್ಲಿಷ್ ಬರವಣಿಗೆಗಳು ‘ಮುಂಡಕ್’ ಎಂದು ಕರೆದಿವೆ. ಮುಳುಗುಗಾರನು ಕೆಳಗಿರುತ್ತಿದ್ದುದು ಸುಮಾರು ಒಂದು ನಿಮಿಷ. ಅಷ್ಟು ಹೊತ್ತೂ ಸಹಾಯಕನಿಗೆ ಬೇರೆ ಕೆಲಸವಿರಲಿಲ್ಲ. ಹಗ್ಗದ ಮಿಡಿತವನ್ನು ಅರಿಯುವುದು, ಸೂಚನೆ ಬಂದೊಡನೆ ಎಳೆಯುವುದು, ಇಷ್ಟೇ ಅವನ ಕರ್ತವ್ಯ.

ಈ ವ್ಯವಸ್ಥೆಯಲ್ಲಿ ನಾವು ಗಮನಿಸಬೇಕಾದುದು ಒಂದು ಅಂಶ. ಕೆಳಗಿನವನ ಬಳಿ ಇರುವುದು ಅವನ ಎದೆಯಲ್ಲಿರುವ ಒಂದೇ ಉಸಿರು. ಅದು ಮುಗಿಯಿತೆಂಬುದನ್ನು ಅವನೊಬ್ಬನೇ ನಿರ್ಣಯಿಸಬೇಕಾಗಿಲ್ಲ. ಹೊತ್ತು ಮೀರಿತೆಂಬುದನ್ನು ತಿಳಿಯುವ ಇನ್ನೊಂದು ಮನಸ್ಸು ಮೇಲಿದೆ, ಮತ್ತು ಆ ಮನಸ್ಸಿಗೆ ಉಸಿರಾಡಲು ಗಾಳಿಯ ಕೊರತೆಯಿಲ್ಲ. ಮುಂದಿನ ಎಲ್ಲ ಸಾಧನಗಳನ್ನೂ ಅಳೆಯಲು ಇದನ್ನೇ ಒರೆಗಲ್ಲಾಗಿ ಬಳಸಬಹುದು.

4. ಶಿರಸ್ತ್ರಾಣ, ಪಂಪು ಮತ್ತು ಸ್ಯಾಪರರು

ಗಾಳಿಯನ್ನು ಮೇಲಿನಿಂದ ಪಂಪಿನ ಮೂಲಕ ಕಳುಹಿಸುವ ಶಿರಸ್ತ್ರಾಣವು ಬೆಂಕಿಯ ಸಾಧನವಾಗಿ ಹುಟ್ಟಿತು. ಹೊಗೆ ತುಂಬಿದ ಕೋಣೆಯೊಳಕ್ಕೆ ಹೋಗಲು ಚಾರ್ಲ್ಸ್ ಡೀನ್ 1823ರಲ್ಲಿ ಅದಕ್ಕೆ ಸ್ವಾಮ್ಯಪತ್ರವನ್ನು ಪಡೆದನು. ಕೆಲವು ವರ್ಷಗಳಲ್ಲಿ ಅವನೂ ಅವನ ಸೋದರ ಜಾನನೂ ಅದನ್ನು ನೀರಿಗೆ ಇಳಿಸಿದರು. ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಕುಶಲಕರ್ಮಿ ಆಗಸ್ಟಸ್ ಸೀಬೆಯು ಶಿರಸ್ತ್ರಾಣವನ್ನು ನೀರು ಹೋಗದ ಉಡುಪಿಗೆ ಜೋಡಿಸಿ ಅದಕ್ಕೆ ಸ್ಥಿರವಾದ ರೂಪವನ್ನು ಕೊಟ್ಟನು.

ಈ ಉಡುಪನ್ನು ಶಿಸ್ತಿನ ವಿದ್ಯೆಯಾಗಿ ಮಾಡಿದವರು ಸೈನ್ಯದ ಎಂಜಿನಿಯರುಗಳು. ಕರ್ನಲ್ ಚಾರ್ಲ್ಸ್ ಪಾಸ್ಲಿಯು 1839ರಿಂದ 1843ರವರೆಗೆ ಮೇಲೆ ಹೇಳಿದ ರಾಯಲ್ ಜಾರ್ಜ್ ನೌಕೆಯ ಅವಶೇಷವನ್ನು ಸಿಡಿಮದ್ದಿನಿಂದ ಒಡೆದು ತೆರವು ಮಾಡಿಸಿದನು. ಅವನು ತನ್ನ ಮುಳುಗುಗಾರರನ್ನು ಇಬ್ಬಿಬ್ಬರಾಗಿ ಕೆಲಸಕ್ಕೆ ಕಳುಹಿಸಿದನು. ಜೊತೆಗಾರನೊಡನೆ ಮುಳುಗುವ ನಿಯಮಕ್ಕೆ ಇದೇ ಮೊದಲ ದಾಖಲೆಯೆಂದು ಹೇಳುತ್ತಾರೆ. ಅಂದಿನ ಶಿರಸ್ತ್ರಾಣದಲ್ಲಿ ಗಾಳಿಯು ಹಿಂದಕ್ಕೆ ಹೋಗದಂತೆ ತಡೆಯುವ ಕವಾಟವಿರಲಿಲ್ಲ. ಗಾಳಿಯ ಕೊಳವೆ ಮೇಲ್ಭಾಗದಲ್ಲಿ ಒಡೆದಾಗ ಒಬ್ಬ ಸೈನಿಕನ ದೇಹವು ನೀರಿನ ಒತ್ತಡದಿಂದ ಹಿಂಡಲ್ಪಟ್ಟು ಅವನು ತೀವ್ರವಾಗಿ ಗಾಯಗೊಂಡನು. ಒಂದು ಸಣ್ಣ ಕವಾಟದ ಬೆಲೆಯೇನೆಂಬುದು ತಿಳಿದುದು ಹೀಗೆ.

ಇಲ್ಲಿಂದ ನಾವು ಬೆಂಗಳೂರಿನ ಕಡೆಗೆ ತಿರುಗಬೇಕು. ಪಾಸ್ಲಿಯು 1812ರಿಂದ 1841ರವರೆಗೆ ಚ್ಯಾಟಮ್ಮಿನ ಸೈನಿಕ ಎಂಜಿನಿಯರಿಂಗ್ ಶಾಲೆಯ ಮುಖ್ಯಸ್ಥನಾಗಿದ್ದನು. ಈಸ್ಟ್ ಇಂಡಿಯಾ ಕಂಪೆನಿಯ ಎಂಜಿನಿಯರ್ ಅಧಿಕಾರಿಗಳು ಅಡಿಸ್ಕೂಂಬಿನಲ್ಲಿ ಓದು ಮುಗಿಸಿ ಭಾರತಕ್ಕೆ ಹೊರಡುವ ಮುನ್ನ ಇದೇ ಶಾಲೆಯಲ್ಲಿ ತರಬೇತಿ ಪಡೆಯುತ್ತಿದ್ದರು. 1780ರಲ್ಲಿ ಮದ್ರಾಸಿನಲ್ಲಿ ಎರಡು ಪಯೊನಿಯರ್ ಕಂಪೆನಿಗಳಾಗಿ ಆರಂಭವಾಗಿದ್ದ ಮದ್ರಾಸ್ ಸ್ಯಾಪರರ ದಳವು, 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡಿಗೆ 1830ರ ದಶಕದಲ್ಲಿ ಬಂದು ನೆಲೆಸಿತು. ಹೀಗೆ ಚ್ಯಾಟಮ್ಮಿನ ಪಾಠವು ಅಧಿಕಾರಿಗಳ ಮೂಲಕ ಹಲಸೂರಿಗೆ ಬಂದಿತು. ಅಂದಿನ ಬೆಂಗಳೂರಿನ ಸಿಪಾಯಿಗಳು ಸೀಬೆಯ ಉಡುಪನ್ನು ತೊಟ್ಟು ಕೆರೆಗೆ ಇಳಿದರೆಂದು ಇದರ ಅರ್ಥವಲ್ಲ. ಬಂದುದು ಒಂದು ಶಿಸ್ತು: ನೀರಿನ ಕೆಲಸವೆಂದರೆ ತಂಡದ ಕೆಲಸ, ಹಗ್ಗಕ್ಕೆ ಎರಡು ತುದಿ, ಎರಡೂ ತುದಿಗೆ ಹೊಣೆಗಾರರು ಎಂಬ ತಿಳಿವಳಿಕೆ. ತೇಲುಸೇತುವೆ ಕಟ್ಟುವ, ಹೊಳೆ ದಾಟಿಸುವ ಸ್ಯಾಪರರ ವೃತ್ತಿಗೆ ಈ ತಿಳಿವಳಿಕೆಯೇ ಅಡಿಪಾಯ. ಇಂದು ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಹೆಸರಿನಿಂದ ಅವರ ಕೇಂದ್ರವು ಆ ಕೆರೆಯ ಬಳಿಯಲ್ಲಿಯೇ ಇದೆ.

ಶಿರಸ್ತ್ರಾಣದ ಪದ್ಧತಿಯು ಭಾರವಾದುದು. ತಾಮ್ರದ ಶಿರಸ್ತ್ರಾಣ, ಸೀಸದ ತೂಕ, ಸೀಸದ ಪಾದರಕ್ಷೆ ಎಲ್ಲ ಸೇರಿ ಸುಮಾರು 80 ಕಿಲೋಗ್ರಾಂ ತೂಗುತ್ತಿತ್ತು. ಪಂಪು ತಿರುಗಿಸಲು ಇಬ್ಬರು, ಕೊಳವೆ ಮತ್ತು ಸೂಚನೆಯ ಹಗ್ಗವನ್ನು ಹಿಡಿಯಲು ಒಬ್ಬ, ಮೇಲ್ವಿಚಾರಣೆಗೆ ಇನ್ನೊಬ್ಬ. ಕೆಳಗಿನ ಒಬ್ಬನಿಗೆ ಮೇಲೆ ನಾಲ್ವರು. ಹಡಗಿನ ತಳ ಕೆರೆಯಲು ಇಷ್ಟೆಲ್ಲ ಸಾಹಸವೇ ಎಂದು ಲೆಕ್ಕ ಬರೆಯುವವರು ಗೊಣಗಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ನಾಲ್ವರು ಇರುವವರೆಗೆ ಕೆಳಗಿನವನು ಮರೆತುಹೋಗುವ ಸಂಭವವಿರಲಿಲ್ಲ.

5. ಕೇಳಿದಾಗ ಕೊಡುವ ಕವಾಟ

ಸಾಧನವು ಚಿಕ್ಕದಾದುದು ಸಿಲಿಂಡರಿನ ದೆಸೆಯಿಂದಲ್ಲ, ಕವಾಟದ ದೆಸೆಯಿಂದ. ಶಿರಸ್ತ್ರಾಣಕ್ಕೆ ಗಾಳಿಯು ಎಡೆಬಿಡದೆ ಹರಿಯಬೇಕು. ಮನುಷ್ಯನು ಉಸಿರನ್ನು ಒಳಗೆಳೆಯುವಾಗಲೂ ಹೊರಬಿಡುವಾಗಲೂ ಅದು ಹರಿಯುತ್ತಲೇ ಇದ್ದು ಬಹುಭಾಗ ವ್ಯರ್ಥವಾಗುತ್ತದೆ. ಒಳಗೆಳೆದಾಗ ಮಾತ್ರ ತೆರೆದು, ಬಿಟ್ಟಾಗ ಮುಚ್ಚಿಕೊಳ್ಳುವ ಕವಾಟವಿದ್ದರೆ ಸ್ವಲ್ಪ ಗಾಳಿಯೇ ಸಾಕು. ಫ್ರಾನ್ಸಿನ ಗಣಿ ಎಂಜಿನಿಯರ್ ಬೆನ್ವಾ ರೂಕೆರೋಲ್ 1860ರಲ್ಲಿ ಇಂಥ ಕವಾಟವನ್ನು ವಿಷಗಾಳಿ ತುಂಬಿದ ಗಣಿಗಳಿಗಾಗಿ ರಚಿಸಿದನು. ನೌಕಾದಳದ ಅಧಿಕಾರಿ ಒಗ್ಯುಸ್ತ್ ದೆನೆರೂಜ್ ಅವನೊಡನೆ ಸೇರಿ 1864ರ ಹೊತ್ತಿಗೆ ಅದನ್ನು ನೀರಿಗೆ ಹೊಂದಿಸಿದನು. ಮುಳುಗುಗಾರನ ಬೆನ್ನ ಮೇಲೆ ಒಂದು ಗಾಳಿಯ ಡಬ್ಬಿ. ಸಾಮಾನ್ಯವಾಗಿ ಅದಕ್ಕೆ ಮೇಲಿನಿಂದ ಕೊಳವೆ. ಬೇಕಾದಾಗ ಕೊಳವೆಯನ್ನು ಕಳಚಿ ಸ್ವಲ್ಪ ಹೊತ್ತು ಸ್ವತಂತ್ರವಾಗಿ ಸಂಚರಿಸಬಹುದು.

ಆ ಕಾಲದ ಡಬ್ಬಿಗಳು ಹೆಚ್ಚಿನ ಒತ್ತಡವನ್ನು ತಾಳಲಾರದೆ ಹೋದುದರಿಂದ ಈ ಉಪಾಯವು ಬಹುಕಾಲ ಮೂಲೆಗುಂಪಾಯಿತು. 1926ರಲ್ಲಿ ಈವ್ ಲ ಪ್ರಿಯರ್ ಹೆಚ್ಚಿನ ಒತ್ತಡದ ಸಿಲಿಂಡರನ್ನು ಬಳಕೆಗೆ ತಂದನಾದರೂ ಗಾಳಿಯನ್ನು ಕೈಯಿಂದಲೇ ತಿರುಗಿಸಿ ಬಿಟ್ಟುಕೊಳ್ಳಬೇಕಾಗಿತ್ತು. ಎರಡನೆಯ ಮಹಾಯುದ್ಧದ ನಡುವೆ ಪೆಟ್ರೋಲು ಸಿಕ್ಕದೆ, ಮೋಟಾರುಗಳನ್ನು ಇಂಧನಾನಿಲದಿಂದ ಓಡಿಸಬೇಕಾಗಿ ಬಂದಾಗ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರು ಅದಕ್ಕಾಗಿ ಒಂದು ಕವಾಟವನ್ನು ಸಿದ್ಧಪಡಿಸಿದ್ದನು. ಝಾಕ್ ಕೂಸ್ತೋ ಅವನೊಡನೆ ಸೇರಿ 1943ರಲ್ಲಿ ಅದನ್ನೇ ಮುಳುಗುಗಾರನ ಬಾಯಿಗೆ ಹೊಂದಿಸಿದನು. ಇಂದಿನ ಚಿಕ್ಕ ಸಾಧನಗಳೆಲ್ಲವೂ ಈ ಕವಾಟದ ಸಂತತಿ.

ಇದೇ ಅವಧಿಯಲ್ಲಿ ಇನ್ನೊಂದು ಶಾಖೆ ಬೆಳೆಯಿತು. ಹೆನ್ರಿ ಫ್ಲೂಸ್ 1878-79ರಲ್ಲಿ, ಹೊರಬಿಟ್ಟ ಉಸಿರಿನಿಂದ ಇಂಗಾಲದ ಡೈ ಆಕ್ಸೈಡನ್ನು ಹೀರಿ ತೆಗೆದು ಆಮ್ಲಜನಕವನ್ನು ಸೇರಿಸಿ ಅದನ್ನೇ ಮತ್ತೆ ಉಸಿರಾಡುವ ಸಾಧನವನ್ನು ರಚಿಸಿದನು. ಒತ್ತಡ ಹೆಚ್ಚಿದಲ್ಲಿ ಶುದ್ಧ ಆಮ್ಲಜನಕವು ವಿಷವಾಗುತ್ತದೆಂದು ಪಾಲ್ ಬೇರ್ 1878ರಲ್ಲಿಯೇ ತೋರಿಸಿದ್ದುದರಿಂದ ಇದರ ಬಳಕೆಗೆ ಮಿತಿಯಿತ್ತು. ಆದರೆ ಸಬ್‌ಮೆರೀನಿನಿಂದ ಪಾರಾಗಲು ಈ ಶಾಖೆಯೇ ದಾರಿ ತೋರಿತು. ರಾಬರ್ಟ್ ಡೇವಿಸನು ಅದರಿಂದ ರೂಪಿಸಿದ ಸಾಧನವನ್ನು ತೊಟ್ಟು 1931ರಲ್ಲಿ ಚೀನದ ಕರಾವಳಿಯಲ್ಲಿ ಮುಳುಗಿದ ‘ಪೊಸೈಡನ್’ ಎಂಬ ಬ್ರಿಟಿಷ್ ಸಬ್‌ಮೆರೀನಿನ ಕೆಲವು ನಾವಿಕರು ಮೇಲೆ ಬಂದರು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸುವುದು ಅಗತ್ಯ. ಕೆಲಸ ಮಾಡುವವನಿಗೆ ಬೇಕಾದ ಉಸಿರು ಒಂದು ಬಗೆ. ಅಪಾಯದಿಂದ ಪಾರಾಗುವವನಿಗೆ ಬೇಕಾದ ಉಸಿರು ಇನ್ನೊಂದು ಬಗೆ. ಮೊದಲನೆಯದು ದೀರ್ಘವಾಗಿರಬೇಕು, ಮುಗಿಯಬಾರದು. ಎರಡನೆಯದು ಚಿಕ್ಕದಾಗಿರಬೇಕು, ಯಾವಾಗಲೂ ಕೈಗೆಟುಕಬೇಕು. ಈ ಎರಡನ್ನು ಬೆರೆಸಿ ನೋಡುವುದರಿಂದಲೇ ಇಂದಿನ ಗೊಂದಲ ಹುಟ್ಟಿದೆ ಎಂದು ನಮಗೆ ತೋರುತ್ತದೆ.

6. ಬೆಂಗಳೂರಿನ ಪೂರ್ವಭಾಗ

ಆಕಾಶದಲ್ಲಿ ಮೇಲೇರಿದವನ ಕಷ್ಟವೂ ನೀರಿನಲ್ಲಿ ಕೆಳಗಿಳಿದವನ ಕಷ್ಟವೂ ಮೂಲತಃ ಒಂದೇ. ಎರಡೂ ಒತ್ತಡದ ಪ್ರಶ್ನೆಗಳು. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಮಂಡಲದ ಒತ್ತಡವು ಸಮುದ್ರಮಟ್ಟದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಮಾತ್ರ. ಕಾರವಾರದಲ್ಲಿ ಸುಮಾರು 10 ಮೀಟರ್ ಕೆಳಗಿಳಿದರೆ ದೇಹದ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಬೆಂಗಳೂರಿನ ಎತ್ತರದಲ್ಲಿರುವ ಸಿಹಿನೀರಿನಲ್ಲಿ ಒಂಬತ್ತು ಮೀಟರಿಗಿಂತ ತುಸು ಹೆಚ್ಚು ಇಳಿದರೆ ಸಾಕು. ಹಲಸೂರು ಕೆರೆಯು ಅಷ್ಟು ಆಳವಾದುದಲ್ಲ. ಆದರೆ ಸಮುದ್ರಮಟ್ಟಕ್ಕೆಂದು ರಚಿಸಿದ ಕೋಷ್ಟಕಗಳನ್ನು ಎತ್ತರದ ಊರುಗಳಲ್ಲಿ ಹಾಗೆಯೇ ಬಳಸಲಾಗದೆಂಬ ತತ್ತ್ವಕ್ಕೆ ಇದು ಉದಾಹರಣೆ.

1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನ ಪೂರ್ವದಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ ಬಳಿಕ ಈ ಭಾಗದ ಸ್ವರೂಪವೇ ಬದಲಾಯಿತು. 1957ರಲ್ಲಿ ವಾಯುದಳವು ಇಲ್ಲಿ ವಿಮಾನವೈದ್ಯ ಶಾಲೆಯನ್ನು ತೆರೆಯಿತು. ಮುಂದೆ ಅದು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂದು ಹೆಸರಾಯಿತು. ಗಾಳಿಯ ಒತ್ತಡವನ್ನು ತಗ್ಗಿಸಿದ ಕೋಣೆಗಳಲ್ಲಿ ಪೈಲಟ್ಟುಗಳನ್ನು ಕೂರಿಸಿ, ಆಮ್ಲಜನಕ ಕಡಿಮೆಯಾದಾಗ ಮನುಷ್ಯನ ಬುದ್ಧಿ ಹೇಗೆ ಮಂಕಾಗುತ್ತದೆಂಬುದನ್ನು ಅವರಿಗೇ ಅನುಭವಕ್ಕೆ ತಂದುಕೊಡುವುದು ಇಂಥ ಸಂಸ್ಥೆಗಳ ಪಾಠಕ್ರಮದಲ್ಲಿ ಒಂದು. ಈ ಪಾಠದ ಸಾರ ಬಹಳ ಗಂಭೀರವಾದುದು: ಉಸಿರು ಕೊರತೆಯಾದವನಿಗೆ ತನ್ನ ಉಸಿರು ಕೊರತೆಯಾಗಿದೆಯೆಂಬುದು ತಿಳಿಯದೆ ಹೋಗಬಹುದು. ಮುತ್ತಿನ ಬೇಟೆಯ ಸಹಾಯಕನು ಮೇಲೆ ನಿಲ್ಲಬೇಕಾದ ಕಾರಣವನ್ನು ವಿಜ್ಞಾನವು ಇಲ್ಲಿ ಮತ್ತೊಂದು ಭಾಷೆಯಲ್ಲಿ ಹೇಳಿದಂತಾಯಿತು.

ಇಂದಿರಾನಗರವನ್ನು ದಾಟಿ ಕೃಷ್ಣರಾಜಪುರದ ಕಡೆಗೆ ಸಾಗುವಾಗ ಸಿಗುವ ಸಿ. ವಿ. ರಾಮನ್ ನಗರದಲ್ಲಿ, 1982ರಲ್ಲಿ ರಕ್ಷಣಾ ಜೈವಿಕ ಎಂಜಿನಿಯರಿಂಗ್ ಮತ್ತು ವಿದ್ಯುತ್‌ವೈದ್ಯಕೀಯ ಪ್ರಯೋಗಶಾಲೆಯು ಸ್ಥಾಪಿತವಾಯಿತು. ಡೆಬೆಲ್ ಎಂಬುದು ಅದರ ಬಳಕೆಯ ಹೆಸರು. ವಿಮಾನದಲ್ಲಿಯೇ ಆಮ್ಲಜನಕವನ್ನು ಉತ್ಪಾದಿಸಿ ಪೈಲಟ್ಟಿಗೆ ಒದಗಿಸುವ ವ್ಯವಸ್ಥೆಯನ್ನು ತೇಜಸ್ ವಿಮಾನಕ್ಕಾಗಿ ಬೆಳೆಸಿದ ಈ ಸಂಸ್ಥೆಯೇ, ಮುಳುಗಿದ ಸಬ್‌ಮೆರೀನಿನಿಂದ ನಾವಿಕನು ಪಾರಾಗಲು ಬೇಕಾದ ಉಡುಪು ಮತ್ತು ಉಸಿರಿನ ಸಾಧನವನ್ನೂ ರೂಪಿಸಿತು. ಬೆಂಕಿಯಿಂದ, ಗಣಿಯಿಂದ ನೀರಿಗಿಳಿದ ಸಾಧನಗಳ ಸಾಲಿಗೆ ಆಕಾಶದ ವಿದ್ಯೆಯಿಂದ ನೀರಿಗೆ ಬಂದ ಒಂದು ಸಾಧನವನ್ನು ಬೆಂಗಳೂರು ಹೀಗೆ ಸೇರಿಸಿತು. ಆದರೆ ಇದು ನಾವು ಮೇಲೆ ಹೇಳಿದ ಎರಡನೆಯ ಬಗೆಯದು; ಪಾರಾಗುವವನ ಉಸಿರು, ಕೆಲಸದವನದಲ್ಲ.

ಇದೇ ಪ್ರಯೋಗಶಾಲೆಯ ಇನ್ನೊಂದು ಸಾಧನವು 2021ರಲ್ಲಿ ಜನರ ಗಮನಕ್ಕೆ ಬಂದಿತು. ಅತಿ ಎತ್ತರದ ಗಡಿಗಳಲ್ಲಿರುವ ಯೋಧರಿಗಾಗಿ ಸಿದ್ಧಪಡಿಸಿದ್ದ ‘ಆಕ್ಸಿಕೇರ್’ ವ್ಯವಸ್ಥೆಯು, ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣವನ್ನು ಅಳೆದು, ಅದಕ್ಕೆ ತಕ್ಕಂತೆ ಆಮ್ಲಜನಕದ ಹರಿವನ್ನು ತಾನೇ ಹೊಂದಿಸಬಲ್ಲುದು. ಕೋವಿಡ್ ವ್ಯಾಧಿಯ ಎರಡನೆಯ ಅಲೆಯಲ್ಲಿ ಕೇಂದ್ರಸರ್ಕಾರದ ಪಿ. ಎಂ. ಕೇರ್ಸ್ ನಿಧಿಯು ಇಂಥ 1,50,000 ಘಟಕಗಳಿಗಾಗಿ 322.5 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ದಾದಿಯರು ಮತ್ತೆ ಮತ್ತೆ ಬಂದು ಹರಿವನ್ನು ಕೈಯಿಂದ ಸರಿಪಡಿಸುವ ಶ್ರಮವನ್ನು ಇದು ತಪ್ಪಿಸುತ್ತದೆಂಬುದು ಇದರ ಒಂದು ಪ್ರಯೋಜನವೆಂದು ಹೇಳಲಾಯಿತು. ಆಸ್ಪತ್ರೆಯಲ್ಲಿ ಇದು ನಿಜವಾದ ಉಪಕಾರ; ಏಕೆಂದರೆ ದಾದಿಯು ಕೋಣೆಯಲ್ಲಿಯೇ ಇದ್ದಾಳೆ, ಅವಳ ಶ್ರಮ ಕಡಿಮೆಯಾಯಿತೇ ಹೊರತು ಅವಳು ಇಲ್ಲವಾಗಲಿಲ್ಲ. ಕಾಯುವವನ ಹೊರೆಯನ್ನು ಇಳಿಸುವ ಸಾಧನ ಬೇರೆ, ಕಾಯುವವನನ್ನೇ ಮನೆಗೆ ಕಳುಹಿಸುವ ಸಾಧನ ಬೇರೆ.

7. ಚಿಕ್ಕ ಸಾಧನದ ಲೆಕ್ಕ

ಈಗ ತಳ ತೊಳೆಯುವವನ ಬಳಿಗೆ ಮರಳೋಣ. ಅವನು ಇಳಿಯುವ ಆಳ ಬಹಳವಲ್ಲ. ಸಣ್ಣ ದೋಣಿಯಾದರೆ ಎರಡು ಮೂರು ಮೀಟರ್ ಸಾಕು. ಜೆ. ಎಸ್. ಹಾಲ್ಡೇನನು 1908ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಸುಮಾರು 10 ಮೀಟರ್ ಆಳದಿಂದ ನೇರವಾಗಿ ಮೇಲೆ ಬಂದರೂ ರಕ್ತದಲ್ಲಿ ಸಾರಜನಕದ ಗುಳ್ಳೆಗಳೆದ್ದು ಕೀಲುನೋವು ಪಾರ್ಶ್ವವಾಯುಗಳು ಬರುವ ಭಯ ಅಷ್ಟಾಗಿಲ್ಲ. ಈ ಕಾರಣದಿಂದಲೇ ತಳದ ಕೆಲಸವನ್ನು ಸುಲಭವೆಂದು ಎಣಿಸುವುದುಂಟು. ಆದರೆ ಅಪಾಯವು ಬೇರೆ ಬಾಗಿಲಿನಿಂದ ಬರುತ್ತದೆ.

ಮೊದಲು ಅಳತೆಯನ್ನು ನೋಡೋಣ. ಅರ್ಧ ಲೀಟರಿನ ಒಂದು ಸಣ್ಣ ಸಿಲಿಂಡರಿನಲ್ಲಿ ವಾಯುಮಂಡಲದ 200 ಪಟ್ಟು ಒತ್ತಡದಲ್ಲಿ ಗಾಳಿ ತುಂಬಿದರೆ ಅದು ಮೇಲ್ಮಟ್ಟದ ಲೆಕ್ಕದಲ್ಲಿ ಸುಮಾರು 100 ಲೀಟರ್ ಆಗುತ್ತದೆ. ಕೈ ಬೀಸಿ ತಳವನ್ನು ಉಜ್ಜುವವನು ನಿಮಿಷಕ್ಕೆ 40 ಲೀಟರಿನಷ್ಟು ಉಸಿರಾಡುವನೆಂದು ಇಟ್ಟುಕೊಂಡರೆ, ಮೂರು ಮೀಟರ್ ಆಳದಲ್ಲಿ ಒತ್ತಡವು ಹತ್ತರಲ್ಲಿ ಮೂರು ಪಾಲು ಹೆಚ್ಚಿರುವುದರಿಂದ ಅವನಿಗೆ 52 ಲೀಟರ್ ಬೇಕು. ಅಂದರೆ ಸಿಲಿಂಡರು ಎರಡು ನಿಮಿಷವೂ ಬಾರದು. ಬರಿಗೈಯಲ್ಲಿ ಇಳಿಯುತ್ತಿದ್ದ ಮುತ್ತಿನ ಮುಳುಗುಗಾರನ ಅವಧಿಗಿಂತ ಇದು ಒಂದು ನಿಮಿಷದಷ್ಟು ಮಾತ್ರ ಹೆಚ್ಚು. ಮೇಲಾಗಿ ಅವನಿಗೆ ಹಗ್ಗ ಹಿಡಿಯುವವನಿದ್ದನು. ಆದುದರಿಂದ ಕೈಯಲ್ಲಿ ಹಿಡಿಯುವ ಸಿಲಿಂಡರು ತೊಡರಿಕೊಂಡಾಗ ಪಾರಾಗುವುದಕ್ಕೆ ಒದಗೀತೇ ಹೊರತು ಕೆಲಸಕ್ಕೆ ಒದಗದು.

ಎರಡನೆಯದು ಮೇಲೆ ಬರುವ ಅಪಾಯ. ಬರಿಗೈಯ ಮುಳುಗುಗಾರನು ಮೇಲಿನ ಗಾಳಿಯನ್ನೇ ಎದೆಯಲ್ಲಿ ತುಂಬಿಕೊಂಡು ಇಳಿಯುತ್ತಾನೆ. ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟಾಗುತ್ತದೆ. ಸಾಧನದಿಂದ ಉಸಿರಾಡುವವನಾದರೋ ಕೆಳಗಿನ ಒತ್ತಡದ ಗಾಳಿಯನ್ನೇ ಎದೆಯ ತುಂಬ ಎಳೆದುಕೊಂಡಿರುತ್ತಾನೆ. ಗಾಳಿ ಮುಗಿದ ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆದ್ದರೆ ಅದು ಹಿಗ್ಗಿ ಶ್ವಾಸಕೋಶವನ್ನು ಹರಿಯಬಲ್ಲುದು. ಬಾಯ್ಲನು 1662ರಲ್ಲಿ ತಿಳಿಸಿದ ನಿಯಮದಂತೆ, ಈ ಹಿಗ್ಗುವಿಕೆಯು ನೀರಿನ ಮೇಲ್ಭಾಗದಲ್ಲಿಯೇ ಅತ್ಯಂತ ತೀವ್ರ. ಈಜುಕೊಳದಷ್ಟು ಆಳದಲ್ಲಿಯೂ ಇಂಥ ಗಾಯಗಳಾದುದುಂಟು. ಉಸಿರನ್ನು ಬಿಡುತ್ತಲೇ ಮೇಲೆ ಬರಬೇಕೆಂಬ ಒಂದು ವಾಕ್ಯದ ಪಾಠವು ಸಾಧನದ ಜೊತೆಗೆ ಪೆಟ್ಟಿಗೆಯಲ್ಲಿ ಬಂದರೂ, ಅಭ್ಯಾಸವಾಗದೆ ಅದು ಮೈಗೆ ಹತ್ತುವುದಿಲ್ಲ.

ಮೂರನೆಯದು ತೇಲುವ ಯಂತ್ರದ್ದು. ಇದು ಗಾಳಿಯನ್ನು ಮೇಲಿನಿಂದ ಎಳೆದು ಕೊಳವೆಯ ಮೂಲಕ ಕಳುಹಿಸುವುದರಿಂದ ಎರಡು ನಿಮಿಷದ ಮಿತಿ ಇದಕ್ಕಿಲ್ಲ. ಕೆಲಸದ ಉಸಿರಿಗೆ ಇದೇ ತಕ್ಕುದು. ಆದರೆ ಪೆಟ್ರೋಲಿನ ಯಂತ್ರವಾದರೆ, ಅದರ ಹೊಗೆಯು ಗಾಳಿ ಎಳೆಯುವ ಬಾಯಿಗೆ ಬೀಸಿದಾಗ ಕಾರ್ಬನ್ ಮೊನಾಕ್ಸೈಡು ಕೊಳವೆಯೊಳಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ಯಾವ ಕಡೆಗೆ ತಿರುಗಿತೆಂಬುದನ್ನು ನೋಡಬಲ್ಲವನು ಮೇಲಿರುವವನು ಮಾತ್ರ. ಕೊಳವೆ ಮಡಿಚಿಕೊಂಡರೆ, ಚಾಲಕಚಕ್ರಕ್ಕೆ ಸಿಕ್ಕಿಕೊಂಡರೆ, ತಿಳಿಯದವರು ದೋಣಿಯ ಯಂತ್ರವನ್ನು ಚಾಲೂ ಮಾಡಹೊರಟರೆ, ತಡೆಯುವವನೂ ಅವನೇ. ಹಡಗಿನ ತಳವೆಂಬುದು ಮುಳುಗುಗಾರನ ತಲೆಯ ಮೇಲಿನ ಮುಚ್ಚಿದ ಚಾವಣಿ ಎಂಬುದನ್ನೂ ಮರೆಯಬಾರದು. ನೇರವಾಗಿ ಮೇಲೆದ್ದರೆ ಅಲ್ಲಿ ಗಾಳಿಯಿಲ್ಲ.

ಅಮೆರಿಕವು ವೃತ್ತಿಯ ಮುಳುಗುಗಾರರಿಗಾಗಿ 1977ರಲ್ಲಿ ರಚಿಸಿದ ನಿಯಮಾವಳಿಯಲ್ಲಿ, ಸಿಲಿಂಡರು ಹೊತ್ತು ಇಳಿಯುವವನ ಹಗ್ಗವನ್ನು ಮೇಲೊಬ್ಬನು ಹಿಡಿದಿರಬೇಕು, ಇಲ್ಲವೆ ನೀರಿನಲ್ಲಿ ಕಣ್ಣಿಗೆ ಕಾಣುವಂತೆ ಜೊತೆಗಾರನಿರಬೇಕು ಎಂಬ ವಿಧಿಯನ್ನು ಸೇರಿಸಿರುವುದು ಗಮನಾರ್ಹ. ಮುತ್ತಿನ ಸಹಾಯಕನೂ ಪಾಸ್ಲಿಯ ಜೋಡಿಯೂ ಅಲ್ಲಿ ಕಾಯಿದೆಯ ಒಂದೇ ವಾಕ್ಯದಲ್ಲಿ ಸಂಧಿಸಿದ್ದಾರೆ.

ತಳ ತೊಳೆಯುವ ಅಗತ್ಯವು ಮುಂದೆ ಕಡಿಮೆಯಾಗುವ ಸೂಚನೆಯಿಲ್ಲ. ತವರದ ವಿಷವಸ್ತುಗಳುಳ್ಳ ಬಣ್ಣಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವು 2001ರಲ್ಲಿ ಸಿದ್ಧವಾಗಿ 2008ರಲ್ಲಿ ಜಾರಿಗೆ ಬಂದಿತು. ಹಡಗಿನ ತಳಕ್ಕಂಟಿ ಒಂದು ಸಮುದ್ರದ ಜೀವಿಗಳು ಇನ್ನೊಂದಕ್ಕೆ ವಲಸೆ ಹೋಗುವುದನ್ನು ತಡೆಯಲು 2011ರಲ್ಲಿ ಮಾರ್ಗದರ್ಶಿ ಸೂತ್ರಗಳು ರೂಪುಗೊಂಡು 2023ರಲ್ಲಿ ಪರಿಷ್ಕೃತವಾದವು. ಕಾರವಾರದ ಸೀಬರ್ಡ್ ನೌಕಾನೆಲೆಯಲ್ಲಿ 10,000 ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತಬಲ್ಲ ವ್ಯವಸ್ಥೆಯಿದೆ. ದಡಕ್ಕೆ ಎಳೆಯುವ ಹಳೆಯ ಮಾರ್ಗದ ಭವ್ಯರೂಪವದು. ಅಂಥ ಅನುಕೂಲವಿಲ್ಲದ ಕಡೆಗಳಲ್ಲಿ ಮನುಷ್ಯನು ನೀರಿಗಿಳಿಯಲೇಬೇಕು. ಅಗ್ಗದ ಚಿಕ್ಕ ಸಾಧನವು ಅವನ ಕೈಗೆ ಬಂದೇ ಬರುತ್ತದೆ.

8. ಉಪಸಂಹಾರ

ಎರಡು ಶತಮಾನಗಳ ಈ ಚರಿತ್ರೆಯಿಂದ ಹೊರಡುವ ನಿರ್ಣಯವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಕವಾಟದ ಸುಧಾರಣೆಯಿಂದ ಗಾಳಿಯ ವ್ಯರ್ಥವ್ಯಯ ತಪ್ಪಿತು. ಅದರ ಫಲವಾಗಿ ಪಂಪು ತಿರುಗಿಸುವವರು ಬೇಡವಾದರು. ಇದು ನ್ಯಾಯವಾದ ಲಾಭ. ಆದರೆ ಪಂಪಿನವರ ಜೊತೆಗೆ ಹಗ್ಗದವನನ್ನೂ ಲೆಕ್ಕದಿಂದ ತೆಗೆದುದು ತರ್ಕದೋಷ. ಪಂಪಿನವರು ಯಂತ್ರದ ಕೊರತೆಯನ್ನು ತುಂಬುತ್ತಿದ್ದರು. ಯಂತ್ರ ಸುಧಾರಿಸಿದಾಗ ಅವರ ಕೆಲಸ ಮುಗಿಯಿತು. ಹಗ್ಗದವನು ತುಂಬುತ್ತಿದ್ದುದು ಮನುಷ್ಯನ ಕೊರತೆಯನ್ನು. ನೀರಿನಡಿಯ ಮನುಷ್ಯನು ಇಂದಿಗೂ ಸುಧಾರಿಸಿಲ್ಲ, ಅವನ ಎದೆಯೂ ಮಿದುಳೂ ಮುತ್ತಿನ ಬೇಟೆಯ ಕಾಲದವೇ. ಆದುದರಿಂದ ತಳ ತೊಳೆಯುವ ಕೂಲಿಯನ್ನು ಗೊತ್ತುಮಾಡುವಾಗ ಇಬ್ಬರ ಕೂಲಿಯನ್ನು ಎಣಿಸಬೇಕಲ್ಲದೆ ಒಬ್ಬನದನ್ನಲ್ಲ. ಹಲಸೂರಿನ ದಂಡೆಯಲ್ಲಿ ಸ್ಯಾಪರರು ಉಳಿಸಿಕೊಂಡು ಬಂದ ಶಿಸ್ತಿನ ತಿರುಳು ಇದೇ. ಅದರ ಪೂರ್ವಕ್ಕಿರುವ ಪ್ರಯೋಗಶಾಲೆಗಳು ಕಂಡುಕೊಂಡ ಸತ್ಯವೂ ಇದಕ್ಕೆ ವಿರುದ್ಧವಾದುದಲ್ಲ.